ಹುಳಕ್ಕೆ ಹೆಸರು, ಪತಂಗಕ್ಕೆ ಚಿತ್ರ: ಸಿಲೋನ್ ಮತ್ತು ನೀಲಗಿರಿಯ ಎರಡು ಪುಸ್ತಕಗಳು

(ಗಡಿಯಾಚೆಯ ಕನ್ನಡ ನೆಲೆಗಳ ಕುರಿತ ಆನ್‌ಲೈನ್ ವಿಚಾರಸಂಕಿರಣದಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಗಡಿನಾಡು ಅಂದ ಕೂಡಲೇ ನಾವು ಶಾಸನ, ಶಾಲೆ, ಜನಗಣತಿ, ಗಡಿ ಆಯೋಗದ ವರದಿ ಇವುಗಳ ಕಡೆಗೆ ಹೋಗುತ್ತೇವೆ. ಅದು ಸರಿಯೇ. ಆದರೆ ಇವತ್ತು ನಾನು ಪತಂಗಗಳ ಜಲವರ್ಣ ಚಿತ್ರಗಳ ಬಗ್ಗೆ ಮಾತಾಡ್ತೀನಿ. ನೀಲಗಿರಿಯ ಪತಂಗಗಳ ಮೇಲೆ 1891ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕ ಬಂತು. ಅದಕ್ಕಿಂತ ಸ್ವಲ್ಪ ಮೊದಲು ಸಿಲೋನಿನ, ಅಂದರೆ ಇವತ್ತಿನ ಶ್ರೀಲಂಕಾದ, ಚಿಟ್ಟೆ ಮತ್ತು ಪತಂಗಗಳ ಮೇಲೆ ಇನ್ನೊಂದು ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಗಡಿಭಾಗದ ಒಂದು ತಿಳಿವಳಿಕೆ ಎಲ್ಲಿ ದಾಖಲಾಗದೆ ಹೋಯಿತು ಅನ್ನೋದು ಕಾಣುತ್ತದೆ.

ಮೊದಲು ಪದಗಳಿಂದ ಶುರು ಮಾಡೋಣ. ಕನ್ನಡದಲ್ಲಿ ಪತಂಗಕ್ಕೆ ಎಷ್ಟು ಹೆಸರಿದೆ? ಪತಂಗ, ಹಾತೆ, ದೀಪದ ಹುಳು. ಬಟ್ಟೆ ತಿನ್ನೋದಕ್ಕೆ ನುಸಿ. ಅಷ್ಟರಲ್ಲೇ ಕೈ ಖಾಲಿ. ಹಗಲಿನದಕ್ಕೆ ಚಿಟ್ಟೆ, ಉತ್ತರದ ಕಡೆ ಪಾತರಗಿತ್ತಿ. ಆದರೆ ಪತಂಗದ ಮರಿಗೆ, ರೆಕ್ಕೆ ಬರುವ ಮೊದಲಿನ ಹುಳುವಿಗೆ, ಹೆಸರು ಕೇಳಿ ನೋಡಿ. ಕಂಬಳಿಹುಳು, ಕೊಂಡ್ಲಿಹುಳು, ಕಾಂಡಕೊರಕ, ಕಾಯಿಕೊರಕ, ಎಲೆ ಸುತ್ತೋ ಹುಳು. ಕಾಸರಗೋಡಿನ ತೆಂಗಿನ ತೋಟದಲ್ಲಿ ಕಪ್ಪುತಲೆ ಹುಳು. ಈ ಕಪ್ಪುತಲೆ ಹುಳುವಿನ ಪತಂಗ ಹೇಗಿರುತ್ತದೆ ಅಂತ ಹತ್ತು ಜನ ತೆಂಗಿನ ಬೆಳೆಗಾರರನ್ನು ಕೇಳಿದರೆ ಒಂಬತ್ತು ಜನಕ್ಕೆ ಗೊತ್ತಿರಲ್ಲ. ಅದೊಂದು ಸಣ್ಣ ಬೂದು ಪತಂಗ, ಗೋಡೆ ಮೇಲೆ ಕೂತರೆ ಧೂಳಿನ ಚುಕ್ಕೆ ಅನ್ನಬೇಕು. ಗರಿ ತಿನ್ನೋದು ಹುಳು, ಆದ್ದರಿಂದ ಹೆಸರು ಹುಳುವಿಗೆ.

ಇದು ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ಗಡಿಯಲ್ಲಿ ಬದುಕುವ ನಮಗೆ ಇದು ಬೇಗ ಹೊಳೆಯುತ್ತೆ. ನಾವು ಕಂಬಳಿಹುಳು ಅಂತೀವಿ. ತಾಳವಾಡಿ, ಹೊಸೂರಿನ ಮಕ್ಕಳು ಶಾಲೆಯಲ್ಲಿ ಕಂಬಳಿಪ್ಪೂಚ್ಚಿ ಅಂತ ಕಲೀತಾರೆ. ವಯನಾಡು, ಕಾಸರಗೋಡಿನ ಮಲಯಾಳದಲ್ಲಿ ಅದು ಕಂಬಿಳಿಪ್ಪುಳು. ಮಡಕಶಿರಾ, ರಾಯದುರ್ಗದ ತೆಲುಗಿನಲ್ಲಿ ಗೊಂಗಳಿ ಪುರುಗು. ಗೊಂಗಳಿ ಅಂದರೂ ಕಂಬಳಿಯೇ. ನಾಲ್ಕು ಭಾಷೆಯ ಜನ ಆ ಹುಳುವನ್ನು ನೋಡಿ ಒಂದೇ ವಸ್ತುವನ್ನು ನೆನೆಸಿಕೊಂಡಿದ್ದಾರೆ, ಕುರುಬರ ಹೆಗಲ ಮೇಲಿನ ಕಂಬಳಿಯನ್ನು. ಸೊಲ್ಲಾಪುರ ದಾಟಿ ಮರಾಠಿಗೆ ಹೋದರೆ ಮಾತ್ರ ಸುರವಂಟ ಅನ್ನೋ ಬೇರೆ ಪದ ಸಿಗುತ್ತದೆ.

ಹಾಗಂತ ನಮ್ಮ ರೈತರಿಗೆ ಹುಳು ಮತ್ತು ಪತಂಗದ ಸಂಬಂಧ ಗೊತ್ತಿಲ್ಲ ಅಂದುಕೊಳ್ಳಬಾರದು. ಕಡಲೇಕಾಯಿ ಬೆಳೆಯುವ ಒಣಭೂಮಿಯಲ್ಲಿ ಕೆಂಪು ಕಂಬಳಿಹುಳುವಿನ ಕಾಟ ಕಂಡವರಿಗೆ ಅದು ಚೆನ್ನಾಗಿ ಗೊತ್ತು. ಮೊದಲ ಮಳೆ ಬಿದ್ದ ಮೇಲೆ ಮಣ್ಣಿನೊಳಗಿನ ಕೋಶಗಳಿಂದ ಪತಂಗಗಳು ಒಟ್ಟಿಗೇ ಏಳುತ್ತವೆ. ಆ ರಾತ್ರಿಗಳಲ್ಲಿ ಹೊಲದ ಬದುವಿನಲ್ಲಿ ಬೆಂಕಿ ಹಾಕುತ್ತಾರೆ, ದೀಪ ಇಡುತ್ತಾರೆ. ನಷ್ಟ ದೊಡ್ಡದಾದ ಕಡೆ ತಿಳಿವಳಿಕೆಯೂ ಪೂರ್ತಿಯಾಗಿರುತ್ತದೆ.

ಈಗ ಯುರೋಪಿನ ವಿಜ್ಞಾನದ ಕಡೆ ಬರೋಣ. ಅಲ್ಲಿ ಪದ್ಧತಿ ಪೂರಾ ತಿರುಗುಮುರುಗು. ಹೆಸರು ಸಿಗೋದು ರೆಕ್ಕೆಯ ಪತಂಗಕ್ಕೆ. ಒಂದು ಪತಂಗವನ್ನು ಪಿನ್ನಿಗೆ ಚುಚ್ಚಿ, ರೆಕ್ಕೆ ಹರಡಿ, ಒಣಗಿಸಿ, ಪೆಟ್ಟಿಗೆಯಲ್ಲಿಟ್ಟರೆ ನೂರೈವತ್ತು ವರ್ಷ ಇರುತ್ತದೆ. ಹೊಸ ಪ್ರಭೇದಕ್ಕೆ ಕೊಟ್ಟ ಲ್ಯಾಟಿನ್ ಹೆಸರು ಆ ಒಣಗಿದ ಮಾದರಿಗೆ ಅಂಟಿಕೊಂಡಿರುತ್ತದೆ. ಹುಳುವನ್ನು ಹಾಗೆ ಇಡೋಕಾಗಲ್ಲ. ಮದ್ಯಸಾರದಲ್ಲಿ ಹಾಕಿದರೆ ಹಸಿರು ಹೋಗಿ ಮಂಕಾಗುತ್ತದೆ. ಒಳಗಿನದನ್ನು ಹಿಂಡಿ ತೆಗೆದು, ಬರಿದಾದ ಚರ್ಮಕ್ಕೆ ಕೊಳವೆಯಿಂದ ಗಾಳಿ ಊದಿ, ಬಿಸಿಯಲ್ಲಿ ಒಣಗಿಸುವ ಒಂದು ವಿಧಾನ ಇತ್ತು. ಕೇಳೋಕೇ ಒಂಥರಾ ಅನಿಸುತ್ತೆ. ಅದರಲ್ಲೂ ಆಕಾರ ಉಳಿಯುತ್ತಿತ್ತು, ಬಣ್ಣ ಉಳಿಯುತ್ತಿರಲಿಲ್ಲ. ಬಣ್ಣದ ಫೋಟೋ ಬರುವ ಮೊದಲು ಜೀವಂತ ಹುಳುವಿನ ಬಣ್ಣವನ್ನು ಹಿಡಿಯಲು ಇದ್ದ ನಂಬಬಹುದಾದ ದಾರಿ ಜಲವರ್ಣ.

ನಿಮ್ಮ ಮನೆಯ ಕಣಗಿಲೆ ಅಥವಾ ನಂದಿಬಟ್ಟಲು ಗಿಡದ ಉದಾಹರಣೆ ತಗೊಳ್ಳಿ. ಅದರ ಮೇಲೆ ಒಂದು ದಪ್ಪ ಹಸಿರು ಹುಳು ಬರುತ್ತದೆ, ವಿಜ್ಞಾನದಲ್ಲಿ ಡಾಫ್ನಿಸ್ ನೇರಿ. ಮೊಟ್ಟೆಯಿಂದ ಹೊರಬಂದ ಹೊಸದರಲ್ಲಿ ಅದು ಹಳದಿ, ಬಾಲದ ತುದಿಯಲ್ಲಿ ಉದ್ದನೆಯ ಕಪ್ಪು ಕೊಂಬು. ಪೊರೆ ಕಳಚಿ ಬೆಳೆದ ಹಾಗೆ ಹಸಿರಾಗುತ್ತದೆ, ತಲೆಯ ಹಿಂದೆ ಎರಡು ನೀಲಿ ಕಣ್ಣಿನಂಥ ಮಚ್ಚೆ ಮೂಡುತ್ತವೆ, ಕೊಂಬು ಗಿಡ್ಡವಾಗುತ್ತದೆ. ಕೋಶ ಕಟ್ಟುವ ಮುಂಚೆ ಮೈಯೆಲ್ಲ ಕಂದು. ಚಿತ್ರ ಬರೆಯುವವರು ಕೆಲವೇ ವಾರಗಳಲ್ಲಿ ಇದನ್ನೆಲ್ಲ ಬರೆದು ಮುಗಿಸಬೇಕು. ಅದುವರೆಗೆ ಹುಳುವಿಗೆ ಅದೇ ಗಿಡದ ಹೊಸ ಎಲೆ ದಿನಾ ತಂದು ಹಾಕಬೇಕು. ಅಂದರೆ ಪತಂಗದ ಚಿತ್ರಕಾರರಿಗೆ ಗಿಡ ಗೊತ್ತಿರಲೇಬೇಕು. ಈ ಮಾತು ಮನಸ್ಸಿನಲ್ಲಿರಲಿ.

ರೆಕ್ಕೆಯ ಪತಂಗ ಬರೆಯೋದು ಇದಕ್ಕಿಂತ ಸಾವಧಾನದ ಕೆಲಸ. ಎಡ ಬಲ ಒಂದೇ ಆದ್ದರಿಂದ ಒಂದು ಪಕ್ಕವನ್ನು ಅಳತೆ ಮಾಡಿ ಬರೆದು, ಇನ್ನೊಂದನ್ನು ಅಚ್ಚು ತೆಗೆಯಬಹುದು. ಪೆನ್ಸಿಲ್ಲಿನ ತೆಳು ಗೆರೆ, ಅದರ ಮೇಲೆ ನೀರಾದ ಬಣ್ಣದ ಲೇಪ, ಅದು ಆರಿದ ಮೇಲೆ ಇನ್ನೊಂದು ಲೇಪ, ಕೊನೆಗೆ ಬಹುತೇಕ ಒಣಗಿದ ಕುಂಚದಿಂದ ಹುಡಿಯಂಥ ಪೊರೆಗಳ ನವಿರು. ಕಷ್ಟ ಇರೋದು ಬೇರೆ ಕಡೆ. ಅಟ್ಲಾಸ್ ಪತಂಗದ ರೆಕ್ಕೆಯಲ್ಲಿ ಬಣ್ಣವೇ ಇಲ್ಲದ ತ್ರಿಕೋನದ ಕಿಟಕಿಗಳಿವೆ, ಆಚೆಗಿನದು ಕಾಣುತ್ತದೆ. ಅಲ್ಲಿ ಕಾಗದವನ್ನೇ ಬಿಡಬೇಕು ಅಥವಾ ಇದೆಯೋ ಇಲ್ಲವೋ ಅನ್ನುವಷ್ಟು ಬೂದು ಕೊಡಬೇಕು. ಚಂದ್ರಪತಂಗದ ಎಳೆ ಹಸಿರು ಪೆಟ್ಟಿಗೆಯಲ್ಲಿ ಬೆಳಕು ಬಿದ್ದರೆ ಮಾಸಿ ಬಿಳಿಚಿಕೊಳ್ಳುತ್ತದೆ. ಹೊಸದಾಗಿ ಕೋಶದಿಂದ ಬಂದದ್ದನ್ನು ನೋಡಿ ಬರೆದ ಚಿತ್ರವೇ ಅಲ್ಲಿ ಮಾದರಿಗಿಂತ ಸತ್ಯ.

ಹುಳು, ಕೋಶ, ಪತಂಗ, ಗಿಡ ನಾಲ್ಕನ್ನೂ ಒಂದೇ ಹಾಳೆಯಲ್ಲಿ ತರುವ ಕ್ರಮಕ್ಕೆ ದೊಡ್ಡ ಹೆಸರು ತಂದವರು ಮರಿಯಾ ಸಿಬಿಲ್ಲಾ ಮೇರಿಯನ್. 1699ರಲ್ಲಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋಗಿ, 1701ರಲ್ಲಿ ವಾಪಸಾಗಿ, 1705ರಲ್ಲಿ 60 ಫಲಕಗಳ ಪುಸ್ತಕ ತಂದರು. ಅವರ ಬಗ್ಗೆ ಈಗ ಸಾಕಷ್ಟು ಬರವಣಿಗೆ ಇದೆ, ನಾನು ಮುಂದೆ ಹೋಗ್ತೀನಿ.

ಸಿಲೋನಿಗೆ ಬರೋಣ. ಕ್ಯಾಂಡಿ ಪಕ್ಕದ ಪೆರಾದೆನಿಯ ಸಸ್ಯೋದ್ಯಾನ 1821ರಲ್ಲಿ ಶುರುವಾಯಿತು. ಅಲ್ಲಿ ಸುಮಾರು ನಾಲ್ಕು ದಶಕ ಸಸ್ಯಗಳ ಚಿತ್ರ ಬರೆದವರು ಹರ್ಮಾನಿಸ್ ಡಿ ಆಲ್ವಿಸ್ ಸೆನೆವಿರತ್ನೆ, ಸಿಂಹಳೀಯರು. ಅವರ ಮಕ್ಕಳು ವಿಲಿಯಂ ಮತ್ತು ಜಾರ್ಜ್ ಕೂಡ ಅದೇ ಕಸುಬು ಹಿಡಿದರು. 1849ರಲ್ಲಿ ಉದ್ಯಾನದ ಮುಖ್ಯಸ್ಥರಾಗಿ ಬಂದ ಜಿ. ಎಚ್. ಕೆ. ಥ್ವೇಟ್ಸ್ ಸಸ್ಯಶಾಸ್ತ್ರಜ್ಞರು, ಸಿಲೋನಿನ ಸಸ್ಯಗಳ ಪಟ್ಟಿಯನ್ನು 1858ರಿಂದ 1864ರವರೆಗೆ ಪ್ರಕಟಿಸಿದವರು. ಅವರಿಗೆ ಚಿಟ್ಟೆ ಪತಂಗಗಳ ಹುಚ್ಚೂ ಇತ್ತು. ಡಿ ಆಲ್ವಿಸ್ ಸೋದರರಿಂದ, ಹೆಚ್ಚಾಗಿ ವಿಲಿಯಂ ಅವರಿಂದ, ಅವುಗಳ ಜಲವರ್ಣ ಚಿತ್ರಗಳನ್ನು ಬರೆಸಿದರು.

ಈ ಚಿತ್ರಗಳನ್ನು ಆಧಾರ ಮಾಡಿಕೊಂಡು ಲಂಡನ್ನಿನ ಫ್ರೆಡರಿಕ್ ಮೂರ್ 1880ರಿಂದ 1887ರೊಳಗೆ ಮೂರು ಸಂಪುಟಗಳಲ್ಲಿ ‘ಲೆಪಿಡಾಪ್ಟೆರಾ ಆಫ್ ಸಿಲೋನ್’ ತಂದರು. ಖರ್ಚಿಗೆ ಸಿಲೋನ್ ಸರ್ಕಾರದ ಆಸರೆ ಇತ್ತು. ಒಟ್ಟು 215 ಬಣ್ಣದ ಫಲಕಗಳು. ಮೊದಲ ಸಂಪುಟ ಚಿಟ್ಟೆಗಳದ್ದು, ಉಳಿದೆರಡು ಪತಂಗಗಳದ್ದು. ಫಲಕ ತೆರೆದರೆ ರೆಕ್ಕೆ ಹರಡಿದ ಪತಂಗದ ಜೊತೆಗೆ ಅನೇಕ ಕಡೆ ಅದರ ಹುಳು, ಅದರ ಕೋಶ, ಹುಳು ಕೂತ ಎಲೆ ಅಥವಾ ಕಡ್ಡಿ ಕಾಣುತ್ತದೆ. ಎಲ್ಲ ಪ್ರಭೇದಕ್ಕೂ ಇಲ್ಲ. ಚಿಕ್ಕ ಪತಂಗಗಳ ಕಡೆ ಹೋದ ಹಾಗೆ ಹುಳುಗಳು ಕಡಿಮೆಯಾಗುತ್ತವೆ. ಆದರೂ ಒಂದು ನೆಲದ ಪತಂಗಗಳನ್ನು ಅವುಗಳ ಬಾಲ್ಯದ ಸಮೇತ ಇಷ್ಟು ದೊಡ್ಡದಾಗಿ ಮುದ್ರಿಸಿದ ಕೆಲಸ ಉಪಖಂಡದಲ್ಲಿ ಆವರೆಗೆ ವಿರಳ.

ಇದು ಸಾಧ್ಯವಾಗಿದ್ದು ಹೇಗೆ? ನನ್ನ ಊಹೆ ಹೀಗಿದೆ. ಬರೆಸಿದವರು ಸಸ್ಯಶಾಸ್ತ್ರಜ್ಞರು, ಬರೆದವರು ಎಲೆ ಬರೆದು ಪಳಗಿದ ಮನೆಯವರು, ಬರೆದ ಜಾಗ ಸಸ್ಯೋದ್ಯಾನ. ಹುಳು ಯಾವ ಗಿಡ ತಿನ್ನುತ್ತದೆ ಅನ್ನೋದು ಅಲ್ಲಿ ಮೊದಲ ಪ್ರಶ್ನೆಯಾಗಿ ಬಂದಿದೆ. ಇನ್ನೊಂದು ವಿಷಯ, ಡಿ ಆಲ್ವಿಸ್ ಮನೆತನ ಆ ನೆಲದ್ದೇ. ಪತಂಗ ಅವರಿಗೆ ಹಡಗಿನಲ್ಲಿ ಬಂದ ಒಣ ಮಾದರಿ ಆಗಿರಲಿಲ್ಲ. ಪುಸ್ತಕದ ಶೀರ್ಷಿಕೆ ಪುಟದಲ್ಲಿರೋದು ಮಾತ್ರ ಮೂರ್ ಅವರ ಹೆಸರು. ಇವತ್ತಿಗೂ ನಾವು ಉಲ್ಲೇಖ ಕೊಡುವಾಗ ‘ಮೂರ್, 1882’ ಅಂತಲೇ ಬರೆಯುತ್ತೇವೆ.

ಈ ಪುಸ್ತಕಕ್ಕೂ ಪಶ್ಚಿಮಘಟ್ಟಕ್ಕೂ ನೇರ ಕೊಂಡಿ ಇದೆ. ನಮ್ಮ ಘಟ್ಟದಲ್ಲಿ ಮಳೆಗಾಲದಲ್ಲಿ ಕಾಣುವ, ಅಂಗೈಗಿಂತ ದೊಡ್ಡದಾದ ಅಟ್ಲಾಸ್ ಪತಂಗಕ್ಕೆ ಈಗ ಬಳಸುವ ಹೆಸರು ಅಟ್ಟಾಕಸ್ ತಪ್ರೊಬಾನಿಸ್. ಅದನ್ನು ಇಟ್ಟವರು ಮೂರ್, ಸಿಲೋನ್ ಕೆಲಸದ ಕಾಲದಲ್ಲೇ. ತಪ್ರೊಬಾನೆ ಅಂದರೆ ಗ್ರೀಕರು ಲಂಕೆಗೆ ಕೊಟ್ಟ ಹೆಸರು. ಕೊಡಗಿನಲ್ಲೋ ವಯನಾಡಿನಲ್ಲೋ ಕಾಫಿ ತೋಟದ ದೀಪಕ್ಕೆ ಬಂದು ಕೂತ ಪತಂಗದ ಹೆಸರಲ್ಲಿ ಹೀಗೆ ಲಂಕೆ ಸೇರಿಕೊಂಡಿದೆ.

ಇನ್ನು ನೀಲಗಿರಿ. ಜಾರ್ಜ್ ಫ್ರಾನ್ಸಿಸ್ ಹ್ಯಾಂಪ್ಸನ್ ಹುಟ್ಟಿದ್ದು 1860ರಲ್ಲಿ. ಆಕ್ಸ್‌ಫರ್ಡಿನಲ್ಲಿ ಓದು ಮುಗಿಸಿ ಟೀ ತೋಟ ಮಾಡಲು ನೀಲಗಿರಿಗೆ ಬಂದರು, ಅಲ್ಲಿ ಪತಂಗದ ಗೀಳು ಹತ್ತಿತು. ಇಂಗ್ಲೆಂಡಿಗೆ ಮರಳಿದ ಮೇಲೆ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಸಂಬಳವಿಲ್ಲದೆ ಕೂತು ಕೆಲಸ ಮಾಡಿದರು. 1891ರ ‘ಲೆಪಿಡಾಪ್ಟೆರಾ ಹೆಟರೊಸೆರಾ ಆಫ್ ದಿ ನೀಲಗಿರಿ ಡಿಸ್ಟ್ರಿಕ್ಟ್’ ಅದರ ಫಲ. ಮ್ಯೂಸಿಯಂನ ಪತಂಗ ಮಾದರಿಗಳ ಚಿತ್ರಮಾಲೆಯಲ್ಲಿ ಅದು 8ನೇ ಭಾಗ. ಮೊದಲ ಏಳು ಭಾಗಗಳು 1877ರಿಂದ 1889ರವರೆಗೆ ಬಂದವು, ಅವುಗಳಲ್ಲಿ ಹೆಚ್ಚಿನವು ಆರ್ಥರ್ ಬಟ್ಲರ್ ಬರೆದದ್ದು. ಹ್ಯಾಂಪ್ಸನ್ ಭಾಗದಲ್ಲಿ 144 ಪುಟ, ಫಲಕ 139ರಿಂದ 156ರವರೆಗೆ, ಅಂದರೆ 18 ಫಲಕ.

ಈಗ ತೆರೆಯ ಮೇಲೆ ಎರಡು ಚಿತ್ರ ಅಕ್ಕಪಕ್ಕ ಇವೆ ನೋಡಿ. ಎಡಕ್ಕೆ ಸಿಲೋನ್, ಬಲಕ್ಕೆ ನೀಲಗಿರಿ. ಬಲಗಡೆ ಪತಂಗಗಳು ಸಾಲುಸಾಲಾಗಿ, ಶಾಲೆಯ ಗುಂಪುಫೋಟೋದ ಹಾಗೆ ನಿಂತಿವೆ. ಕೆಲಸ ನುಣುಪಾಗಿದೆ, ಬಣ್ಣ ಚೆನ್ನಾಗಿದೆ. ಆದರೆ ನೀಲಗಿರಿ ಎಲ್ಲಿದೆ? ಶೋಲೆ ಕಾಡಿನ ಒಂದು ಎಲೆ ಇಲ್ಲ. ಪಠ್ಯದ ನಮೂದುಗಳೂ ಹಾಗೇ: ಲ್ಯಾಟಿನ್ ಹೆಸರು, ಹಳೆಯ ಹೆಸರುಗಳು, ರೆಕ್ಕೆಯ ವರ್ಣನೆ, ಸಿಕ್ಕ ಜಾಗ, ರೆಕ್ಕೆಯಗಲ. ಚಿತ್ರಮಾಲೆಯ ಉದ್ದೇಶವೇ ಅದು, ಮ್ಯೂಸಿಯಂನಲ್ಲಿರುವ ಮಾದರಿಯನ್ನು ಬೇರೆ ದೇಶದ ವಿದ್ವಾಂಸರಿಗೆ ತೋರಿಸೋದು. ಹ್ಯಾಂಪ್ಸನ್ ಅವರನ್ನು ದೂರೋಕೆ ನನಗೆ ಮನಸ್ಸಿಲ್ಲ. ಬೆಟ್ಟದ ಯಾವ ಎತ್ತರದಲ್ಲಿ ಸಿಕ್ಕಿತು ಅನ್ನೋದಕ್ಕೆ ಅವರು ಕೊಟ್ಟ ಗಮನ ಇವತ್ತಿನ ಸಂಶೋಧಕರಿಗೆ ಬಹಳ ಬೆಲೆಯದ್ದು. ಹವೆ ಬಿಸಿಯಾದ ಹಾಗೆ ಪತಂಗಗಳು ಮೇಲಕ್ಕೆ ಹೋಗುತ್ತಿವೆಯೋ ಅಂತ ಕೇಳುವವರಿಗೆ ಹೋಲಿಸಲು ಅಂಥ ಹಳೆಯ ದಾಖಲೆ ಬೇಕೇ ಬೇಕು.

ನನ್ನ ತಕರಾರು ಮುಂದಿನ ಹೆಜ್ಜೆಯ ಬಗ್ಗೆ. 1892ರಿಂದ 1896ರವರೆಗೆ ಹ್ಯಾಂಪ್ಸನ್ ‘ಫೌನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಪತಂಗಗಳ ನಾಲ್ಕು ಸಂಪುಟ ಬರೆದರು. ಅದರಲ್ಲಿ ಬಣ್ಣ ಪೂರಾ ಹೋಯಿತು. ಪಠ್ಯದ ನಡುವೆ ಕಪ್ಪುಬಿಳುಪಿನ ಚಿಕ್ಕ ಚಿತ್ರಗಳು, ಬಹಳ ಕಡೆ ಒಂದೇ ಪಕ್ಕದ ರೆಕ್ಕೆ, ರೆಕ್ಕೆಯ ನರಗಳ ಗೆರೆ. ಪತಂಗಗಳನ್ನು ನರಗಳ ಜೋಡಣೆಯ ಮೇಲೆ ವಿಂಗಡಿಸುವ ಪದ್ಧತಿಗೆ ಅಷ್ಟು ಸಾಕಿತ್ತು. ಅಗ್ಗವಾಗಿಯೂ ಮುದ್ರಿಸಬಹುದು. ಹುಳುವಿನ ವರ್ಣನೆ ಗೊತ್ತಿದ್ದ ಕಡೆ ಎರಡು ಮೂರು ಸಾಲು, ಗೊತ್ತಿಲ್ಲದ ಕಡೆ ಏನೂ ಇಲ್ಲ. ಭಾರತದ ಕೀಟಶಾಸ್ತ್ರ ವಿದ್ಯಾರ್ಥಿಗಳು ಎಷ್ಟೋ ದಶಕ ಪತಂಗ ಕಲಿತದ್ದು ಈ ಸಂಪುಟಗಳಿಂದ. ಸಿಲೋನಿನ ಹಾಳೆಯಲ್ಲಿ ಒಟ್ಟಿಗಿದ್ದ ಹುಳು, ಗಿಡ, ಪತಂಗ ಇಲ್ಲಿ ಬೇರೆಬೇರೆಯಾದವು. ಪತಂಗ ವರ್ಗೀಕರಣದವರ ಪಾಲಾಯಿತು. ಹುಳು, ಬೆಳೆಗೆ ನಷ್ಟ ಮಾಡುವಂಥದ್ದಾದರೆ, ಕೃಷಿ ಇಲಾಖೆಯವರ ಪಾಲಾಯಿತು. ಬೆಳೆಗೆ ಸಂಬಂಧವಿಲ್ಲದ ಕಾಡಿನ ಹುಳುವನ್ನು ಕೇಳುವವರು ಬಹಳ ಕಡಿಮೆ.

ಕಾರವಾರ ಇದಕ್ಕೆ ದೊಡ್ಡ ಅಪವಾದ. ಅರಣ್ಯಾಧಿಕಾರಿ ಟಿ. ಆರ್. ಬೆಲ್ ಉತ್ತರ ಕನ್ನಡದ ಕಾಡುಗಳಲ್ಲಿ ಹುಳುಗಳನ್ನು ಹುಡುಕಿ, ಸಾಕಿ, ಅವು ತಿನ್ನುವ ಗಿಡಗಳನ್ನು ಬರೆದಿಟ್ಟರು. ಅದಕ್ಕೂ ಮೊದಲು ಜೆ. ಡೇವಿಡ್ಸನ್ ಮತ್ತು ಇ. ಎಚ್. ಐಟ್ಕೆನ್ ಜೊತೆ ಸೇರಿ ಚಿಟ್ಟೆಗಳ ಹುಳುಗಳ ಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದರು. ನಿವೃತ್ತಿಯ ಮೇಲೂ ಬೆಲ್ ಕಾರವಾರದಲ್ಲೇ ನೆಲೆಸಿದರು. ಎಫ್. ಬಿ. ಸ್ಕಾಟ್ ಜೊತೆ ಅವರು ಬರೆದ ಗಿಡುಗಪತಂಗಗಳ ಸಂಪುಟ 1937ರಲ್ಲಿ ಅದೇ ‘ಫೌನಾ’ ಮಾಲೆಯಲ್ಲಿ ಬಂತು, ಅದರಲ್ಲಿ ಹುಳುವಿಗೆ ಪತಂಗದಷ್ಟೇ ಮರ್ಯಾದೆ. ಗೋವಾ ಗಡಿಯ ಕಾಡಿನ ಗಿಡುಗಪತಂಗಗಳ ಬಾಲ್ಯ ನಮಗೆ ಇಷ್ಟು ತಿಳಿದಿರೋದು ಆ ಮನುಷ್ಯನ ತಾಳ್ಮೆಯಿಂದ. ನೀಲಗಿರಿಗೆ ಅಂಥ ಒಬ್ಬ ಬೆಲ್ ಸಿಗಲಿಲ್ಲ, ಒಂದು ಡಿ ಆಲ್ವಿಸ್ ಮನೆತನವೂ ಸಿಗಲಿಲ್ಲ.

ಸಿಗಲಿಲ್ಲ ಅಂದರೆ ಅಲ್ಲಿ ಗೊತ್ತಿದ್ದವರು ಇರಲಿಲ್ಲ ಅಂತಲ್ಲ. ದೊಡ್ಡಬೆಟ್ಟ ಅನ್ನೋ ಹೆಸರಿಟ್ಟ ಜನ ಅಲ್ಲಿದ್ದರು. ಬಡಗ ನುಡಿ ಕನ್ನಡದ ಉಪಭಾಷೆಯೋ, ಒಡಹುಟ್ಟಿದ ಬೇರೆ ಭಾಷೆಯೋ ಅನ್ನುವ ಚರ್ಚೆಯನ್ನು ಭಾಷಾವಿಜ್ಞಾನಿಗಳಿಗೆ ಬಿಡೋಣ. ನಮ್ಮ ಕಿವಿಗೆ ಅದು ಹತ್ತಿರದ್ದು. ಬಡಗರು ಹೊಲ ಮಾಡುವವರು, ಕುರುಂಬರು, ಇರುಳರು ಕಾಡು ಬಲ್ಲವರು, ತೋಡರು ಎಮ್ಮೆ ಕಾಯುತ್ತಾ ಶೋಲೆಯ ಅಂಚಿನಲ್ಲೇ ಇದ್ದವರು. ಯಾವ ಮರದಲ್ಲಿ ಯಾವ ತಿಂಗಳು ಹುಳು ಬೀಳುತ್ತದೆ, ಯಾವುದರ ರೋಮ ತಾಗಿದರೆ ತುರಿಕೆ ಅನ್ನೋದು ಇಂಥ ಜನರ ದಿನದಿನದ ವಿಷಯ. 1891ರ ಪುಸ್ತಕದ ಚೌಕಟ್ಟಿನಲ್ಲಿ ಆ ತಿಳಿವಳಿಕೆಯನ್ನು ಇಡಲು ಒಂದು ಖಾನೆಯೇ ಇರಲಿಲ್ಲ. ಹುಳುವಿನ ಚಿತ್ರ ಬರೆಯಲು ಹೊರಟಿದ್ದರೆ ಗಿಡ ಕೇಳಬೇಕಾಗುತ್ತಿತ್ತು, ಗಿಡ ಕೇಳಿದರೆ ಊರವರನ್ನು ಕೇಳಬೇಕಾಗುತ್ತಿತ್ತು, ಆಗ ಹೆಸರುಗಳೂ ಬರುತ್ತಿದ್ದವು.

ನಡುವೆ ಬೆಟ್ಟವೂ ಬದಲಾಯಿತು. ನೀಲಗಿರಿಗೆ ನೀಲಗಿರಿ ಮರ, ಅಂದರೆ ಯೂಕಲಿಪ್ಟಸ್, ಬಂದಿದ್ದು 1840ರ ದಶಕದಲ್ಲಿ. ಒಂದು ಆಸ್ಟ್ರೇಲಿಯಾದ ಮರಕ್ಕೆ ನಾವು ಕನ್ನಡದಲ್ಲಿ ಆ ಬೆಟ್ಟದ ಹೆಸರನ್ನೇ ಕೊಟ್ಟುಬಿಟ್ಟಿದ್ದೇವೆ, ಅದೂ ಒಂದು ಇತಿಹಾಸವೇ. ಆಮೇಲೆ ಟೀ, ವಾಟಲ್. ಶೋಲೆ ತುಂಡುತುಂಡಾಗಿ ಉಳಿಯಿತು. ಮರ ಹೋದ ಕಡೆ ಅದರ ಹುಳುವೂ ಹೋಗಿರುತ್ತದೆ. ಯಾವ ಹುಳು ಯಾವ ಮರದ್ದು ಅಂತ ಬರೆದಿಟ್ಟಿರದಿದ್ದರೆ, ಏನು ಹೋಯಿತು ಅಂತ ಹೇಳಲು ಬರೀ ರೆಕ್ಕೆಯ ಚಿತ್ರದಿಂದ ಆಗೋದಿಲ್ಲ.

ಚಾಟ್‌ನಲ್ಲಿ ಎರಡು ಪ್ರಶ್ನೆ ಬಂದಿವೆ. ಕಾಸರಗೋಡಿನಿಂದ ಒಬ್ಬರು, ಮೊಬೈಲ್ ಕ್ಯಾಮೆರಾ ಇರುವಾಗ ಜಲವರ್ಣ ಇನ್ನು ಯಾಕೆ ಅಂತ ಕೇಳಿದ್ದಾರೆ. ಫೋಟೋ ಒಂದು ಹುಳುವಿನ ಒಂದು ಕ್ಷಣ. ಚಿತ್ರದಲ್ಲಿ ಐದು ಹಂತವನ್ನೂ ಒಂದೇ ಕೊಂಬೆಯ ಮೇಲೆ ಕೂರಿಸಬಹುದು, ನೆರಳು ತೆಗೆಯಬಹುದು, ಹತ್ತು ಹುಳು ನೋಡಿ ಎಲ್ಲದರಲ್ಲೂ ಇರುವ ಗೆರೆಯನ್ನು ಮಾತ್ರ ಬರೆಯಬಹುದು. ಗುರುತಿನ ಪುಸ್ತಕಕ್ಕೆ ಇವತ್ತಿಗೂ ಅದು ಅನುಕೂಲ. ಆದರೆ ದಾಖಲೆಗೆ ಫೋಟೋ ಸಾಕು, ಅದರಲ್ಲಿ ಎಲೆ ಸ್ಪಷ್ಟವಾಗಿ ಕಾಣಬೇಕು ಅಷ್ಟೇ.

ಇನ್ನೊಬ್ಬರು ಜತ್ತಿನ ಶಾಲಾ ಶಿಕ್ಷಕರು, ಈ ಪುಸ್ತಕಗಳು ಎಲ್ಲಿ ಸಿಗುತ್ತವೆ, ಮಕ್ಕಳಿಂದ ಏನು ಮಾಡಿಸಬಹುದು ಅಂತ ಕೇಳಿದ್ದಾರೆ. ಎರಡೂ ಪುಸ್ತಕ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಉಚಿತವಾಗಿ ನೋಡಲು ಸಿಗುತ್ತವೆ, ಫಲಕಗಳನ್ನು ಇಳಿಸಿಕೊಳ್ಳಬಹುದು. ಮಕ್ಕಳಿಗೆ ನಂದಿಬಟ್ಟಲಿನಿಂದ ಶುರು ಮಾಡಿಸಿ, ರೋಮದ ಹುಳು ಬೇಡ, ಮುಟ್ಟಿದರೆ ತುರಿಸುತ್ತದೆ. ತೂತು ಮಾಡಿದ ಡಬ್ಬಿಯಲ್ಲಿ ಹುಳು ಸಿಕ್ಕ ಗಿಡದ ಎಲೆಯನ್ನೇ ದಿನಾ ಹಾಕಬೇಕು, ಬೇರೆ ಎಲೆ ಅದು ತಿನ್ನೋದಿಲ್ಲ. ಕೋಶ ಕಟ್ಟುವ ಮೊದಲು ತಳಕ್ಕೆ ಒಂದಿಷ್ಟು ತರಗೆಲೆ ಹಾಕಿ. ಪ್ರತಿ ಪೊರೆ ಕಳಚಿದಾಗ ಒಂದು ಚಿತ್ರ, ಸಾಮಾನ್ಯ ಜಲವರ್ಣದ ಡಬ್ಬಿ ಸಾಕು. ಪಕ್ಕದಲ್ಲಿ ಊರು, ತಾರೀಕು, ಗಿಡದ ಹೆಸರು, ಮತ್ತು ಅಜ್ಜಿ ಆ ಹುಳುವಿಗೆ ಏನನ್ನುತ್ತಾರೋ ಅದು, ಕನ್ನಡದಲ್ಲಿ ಅಂದರೆ ಕನ್ನಡದಲ್ಲಿ, ಮರಾಠಿಯಲ್ಲಿ ಅಂದರೆ ಮರಾಠಿಯಲ್ಲಿ. ಮಾಡಿದವರು ಹಾಳೆಗಳ ಫೋಟೋ ತೆಗೆದು ಸಂಘಟಕರಿಗೆ ಕಳಿಸಿ, ಮುಂದಿನ ಸಲ ಎಲ್ಲರೂ ಒಟ್ಟಿಗೆ ನೋಡೋಣ.